ಒಂದು ಹನಿಯ ಷರತ್ತು

ನೀರಿಗೆ ಹರಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ನಿಲ್ಲುವುದನ್ನು ಮಾತ್ರ ಕಲಿಸಬೇಕು. ಅದನ್ನೂ ಪೂರ್ತಿ ಕಲಿಸಬಾರದು. ಬಾಗಲಗುಂಟೆಯ ಪಂಚಪ್ಪ ತನ್ನ ಅರವತ್ತೇಳು ವರ್ಷಗಳಲ್ಲಿ ಕಂಡುಕೊಂಡ ಮಾತು ಇದೊಂದೇ. ಇದನ್ನು ಕೇಳುವವರು ಸಿಕ್ಕರೆ ಅವನು ಬಸ್ಸನ್ನೂ ಬಿಟ್ಟು ನಿಲ್ಲುತ್ತಿದ್ದ.

ಬಾಗಲಕೋಟೆ ಸೀಮೆಯಿಂದ ಬಂದವನು. ಯಶವಂತಪುರದ ಕಡೆ ಒಂದು ಪಂಪ್‌ಹೌಸಿನಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದ. ಅವನ ಕೈಗೆ ಒಲಿದ ವಿದ್ಯೆ ಗ್ಲ್ಯಾಂಡ್ ಕಟ್ಟುವುದು. ತಿರುಗುವ ಉಕ್ಕಿನ ದಂಡವೊಂದು ನೀರನ್ನು ದಾಟಿ ಈಚೆ ಬರುವ ಜಾಗದಲ್ಲಿ ಹಿತ್ತಾಳೆಯ ಕೊರಳಪಟ್ಟಿಯೊಂದು ಇರುತ್ತದಲ್ಲ, ಅದು ಗ್ಲ್ಯಾಂಡು. ಅದರೊಳಗೆ ಎಣ್ಣೆ ಕುಡಿದ ಹಗ್ಗವನ್ನು ಸುತ್ತಿ ತುಂಬಿ ಮೇಲೊಂದು ನಟ್ಟು ಬಿಗಿಯಬೇಕು. ಸಡಿಲವಾದರೆ ನೀರು ಹರಿಯುತ್ತದೆ. ಬಿಗಿ ಹೆಚ್ಚಾದರೆ ದಂಡ ಕಾದು ಹಗ್ಗ ಸುಡುತ್ತದೆ. ದಂಡ ತಿರುಗುತ್ತಿರುವಾಗ ನಿಮಿಷಕ್ಕೆ ಮೂರು ಹನಿ, ಹೆಚ್ಚೆಂದರೆ ನಾಲ್ಕು, ತೊಟ್ಟಿಕ್ಕುತ್ತಿರಬೇಕು. ಆ ಹನಿಯೇ ಅದರ ಉಸಿರು.

ನಿವೃತ್ತನಾದ ಮೇಲೆ ಗ್ಲ್ಯಾಂಡುಗಳು ಅವನ ಪಾಲಿಗೆ ಮುಗಿದವು. ಮನೆಯ ಹತ್ತಿರದ ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೂಗುವ ತಾಮ್ರದ ಧಾರಾಪಾತ್ರೆ ಅವನ ವಶಕ್ಕೆ ಬಂತು. ದಿನಾ ಬೆಳಿಗ್ಗೆ ಹೋಗಿ, ಪಾತ್ರೆ ತೊಳೆದು, ತಳದ ತೂತಿಗೆ ದರ್ಭೆ ಸಿಕ್ಕಿಸಿ, ಹನಿ ಎಣಿಸಿ, ಸರಿಯೆನಿಸಿದರೆ ಕೈಮುಗಿದು ಬರುವನು. "ದೇವರಿಗೂ ಗ್ಲ್ಯಾಂಡ್ ಕಟ್ಟಾಕ ಹೊಂಟಾರ ನೋಡ್ರಿ," ಎಂದು ಹೆಂಡತಿ ದಾನವ್ವ ಓಣಿಯವರೊಂದಿಗೆ ಹೇಳಿಕೊಂಡು ನಗುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಊರಿನ ಇನ್ನೊಂದು ಮೂಲೆಯ ಕೋಗಿಲಿನಿಂದ ನಜೀರ್ ಸಾಹೇಬರ ಫೋನು ಬಂತು.

"ಪಂಚಪ್ಪಣ್ಣ, ಬೇಗ ಬನ್ನಿ. ಮುಳುಗೋಗ್ತಾ ಇದೀನಿ."

"ಎಲ್ಲಿ ಸಾಹೇಬ್ರ, ಕೆರಿಯಾಗೇನ್ರಿ?"

"ಕೆರೆಯಲ್ಲಿ ನಿನ್ನೆ ಮುಳುಗಿದ್ದಾಯ್ತು. ಇವತ್ತು ಮನೆಯಲ್ಲಿ."

ನಜೀರ್ ಯಶವಂತಪುರದಲ್ಲಿ ಡೀಸೆಲ್ ಎಂಜಿನ್ನು ರಿಪೇರಿಯ ಅಂಗಡಿ ಇಟ್ಟಿದ್ದವರು. ಪಂಪ್‌ಹೌಸಿನ ಎಂಜಿನ್ನು ಕೆಮ್ಮಿದಾಗಲೆಲ್ಲ ಪಂಚಪ್ಪ ಅವರ ಬಾಗಿಲಿಗೆ ಹೋಗುತ್ತಿದ್ದ. ಹಾಗೆ ಹುಟ್ಟಿದ ಸ್ನೇಹ. ಅಂಗಡಿ ಮುಚ್ಚಿದ ವರ್ಷ ಸಾಹೇಬರು ಕರಾವಳಿಯಿಂದ ಒಂದು ಹಳೆಯ ಹಾಯಿದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು, ಕೋಗಿಲಿನ ತಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಇಳಿಸಿದ್ದರು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಹೊಟ್ಟೆಯೊಳಗೊಂದು ಪುಟ್ಟ ಎಂಜಿನ್ನು. ಸಮುದ್ರ ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿರುವ ಊರಿಗೆ ದೋಣಿ ಯಾಕೆ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಲಗ್ನದ ದಿನ ನಜ್ಮಾಗೆ ಮಾತು ಕೊಟ್ಟಿದ್ದೆ, ದೋಣಿಯಲ್ಲಿ ಕೂರಿಸ್ತೀನಿ ಅಂತ. ನಲವತ್ತೊಂದು ವರ್ಷ ಲೇಟ್ ಆಯ್ತು, ಅಷ್ಟೇ."

ಪಂಚಪ್ಪ ಎರಡು ಬಸ್ಸು ಬದಲಿಸಿ ಕೋಗಿಲು ಮುಟ್ಟಿದಾಗ ದೋಣಿ ಕಲ್ಲುಗಳ ಮೇಲೆ ಕೂತಿತ್ತು. ಮೂತಿಯ ಮೇಲೆ ಹಸಿರು ಬಣ್ಣದಲ್ಲಿ 'ನಜ್ಮಾ' ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಆ ಹೆಸರಿನ ಒಡತಿ ನಜ್ಮುನ್ನೀಸಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನೋಡಿ ಪಂಚಪ್ಪಣ್ಣ, ನ್ಯಾಯ ನೀವೇ ಹೇಳಿ. ನಿನ್ನೆ ಮಾರಕ್ಕನ ಕೆರೆಗೆ ಇಳಿಸಿದ್ರು. ನಾನು ಏರಿ ಮೇಲೆ ಬಿರಿಯಾನಿ ಇಟ್ಕೊಂಡು ಕಾಯ್ತಾ ಇದ್ದೆ. ಇವರು ಅರ್ಧ ದಾರಿಯಿಂದ ಟೋಪಿಯಲ್ಲಿ ನೀರು ಮೊಗೆದು ಚೆಲ್ತಾ ವಾಪಸ್ ಬಂದ್ರು. ನನ್ನ ಹೆಸರು ಬರೆದು ಮುಳುಗಿಸ್ತಾರಂತೆ! ದನ ಮೇಯಿಸೋರೆಲ್ಲ 'ನಜ್ಮಾ ಮುಳುಗ್ತು, ನಜ್ಮಾ ಮುಳುಗ್ತು' ಅಂತ ಕೂಗಿದ್ರು."

"ಒಂದೇ ಸ್ವಲ್ಪ ನೀರು ಕಣೆ," ಎಂದರು ನಜೀರ್.

"ಇದೇ! ಇದೇ ಮಾತು! ಈಗ ಕೇಳಿಸ್ಕೊಳಿ. ಬರೋ ಭಾನುವಾರ ನಾನೇ ಹತ್ತಿ ಕೂರ್ತೀನಿ. ಒಳಗೆ ಒಂದು ಹನಿ, ಒಂದೇ ಒಂದು ಹನಿ ನೀರು ಕಂಡ್ರೆ, ಸೋಮವಾರ ಈ ದೋಣಿ ಗುಜರಿಗೆ. ಗುಜರಿಯವನಿಗೆ ಹೇಳಿಟ್ಟಿದೀನಿ." ಇಷ್ಟು ಹೇಳಿ ಅವರು ಚಹಾ ತರಲು ಒಳಗೆ ಹೋದರು.

ಪಂಚಪ್ಪನೂ ಕೈಕಾಲು ತೊಳೆಯಲು ಒಳಗೆ ಹೋದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಸ್ಟೀಲಿನ ಪಾತ್ರೆ, ಅದರೊಳಗೆ ಟಪ್, ಟಪ್. ಅವನ ಕೈ ತಾನಾಗಿಯೇ ನಲ್ಲಿಯ ಕಡೆ ಹೋಯಿತು.

"ಬಿಡಿ ಪಂಚಪ್ಪಣ್ಣ, ಒಂದೇ ಹನಿ ಅಲ್ವಾ ಅದು," ಎಂದು ನಜೀರ್ ತೋಳು ಹಿಡಿದು ಎಳೆದುಕೊಂಡೇ ಹೊರಟರು. "ದೋಣಿ ನೋಡಿ ಮೊದಲು."

ದೋಣಿಯ ಹಿಂಬದಿಯ ಹೊಟ್ಟೆಯಲ್ಲಿ, ಎಂಜಿನ್ನಿನಿಂದ ಹೊರಟ ದಂಡ ನೀರೊಳಗಿನ ಪಂಖವನ್ನು ಸೇರಲು ದೋಣಿಯ ಮೈ ತೂರಿ ಹೋಗುವ ಜಾಗದಲ್ಲಿ, ಪಂಚಪ್ಪ ಟಾರ್ಚು ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ಕೂತುಬಿಟ್ಟ. ಕಿಲುಬು ಹಿಡಿದ ಹಿತ್ತಾಳೆಯ ಕೊರಳಪಟ್ಟಿ ಅವನನ್ನೇ ನೋಡುತ್ತಿತ್ತು.

"ಗ್ಲ್ಯಾಂಡು!" ಎಂದ. ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಿದಂತೆ ಅವನ ಕಣ್ಣು ತುಂಬಿತು. "ಸಾಹೇಬ್ರ, ಇದು ನಮ್ಮ ಪಂಪಿನ ಗ್ಲ್ಯಾಂಡಿನ ಖಾಸಾ ತಮ್ಮ ಅದಾನ್ರಿ!"

ನಟ್ಟು ಬಿಚ್ಚಿ, ಕೊಕ್ಕೆ ತೂರಿಸಿ, ಸೂಲಗಿತ್ತಿಯಂತೆ ಉಸಿರು ಹಿಡಿದು ಎಳೆದ. ಮೊದಲು ಬಂದದ್ದು ಸೈಕಲ್ ಟ್ಯೂಬು. ಆಮೇಲೆ ಗೋಣಿದಾರ. ಆಮೇಲೆ ಕಲ್ಲಾಗಿದ್ದ ಅಂಟು. ಕೊನೆಗೆ ಜರಿಯಂಚಿನ ಹಸಿರು ಬಟ್ಟೆಯ ಉದ್ದನೆಯ ತುಂಡೊಂದು ಸುರುಳಿ ಬಿಚ್ಚಿಕೊಂಡು ಈಚೆ ಬಂತು.

ಚಹಾ ತಂದಿದ್ದ ನಜ್ಮುನ್ನೀಸಾ ತಟ್ಟೆಯನ್ನು ಕಲ್ಲಿನ ಮೇಲಿಟ್ಟರು. "ಯಾ ಅಲ್ಲಾ! ಇದು ನನ್ನ ಈದ್ ದುಪಟ್ಟಾ! ಎರಡು ತಿಂಗಳು ಮನೆಯೆಲ್ಲ ಹುಡುಕಿದೀನಿ!"

"ಮೆತ್ತಗಿತ್ತು ಕಣೆ..." ಎಂದ ಸಾಹೇಬರು ಎಂಜಿನ್ನಿನ ಹಿಂದೆ ಏನನ್ನೋ ಹುಡುಕತೊಡಗಿದರು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ಮರುದಿನ ಹೊಸ ಹಗ್ಗ ಬಂತು. ಅದಕ್ಕೆ ಮೆತ್ತಲು ನಜೀರ್ ಒಂದು ಡಬ್ಬಿ ತಂದರು. "ಸಮುದ್ರದ ಕಡೆಯವರು ಇದನ್ನೇ ಹಚ್ತಾರಂತೆ. ಕುರಿ ಕೊಬ್ಬು, ಫಸ್ಟ್ ಕ್ಲಾಸ್." ಪಂಚಪ್ಪ ಎರಡು ಹೆಜ್ಜೆ ಹಿಂದೆ ಸರಿದು ಎದೆಯ ಮೇಲೆ ಕೈಯಿಟ್ಟ. "ಕೊರಳಾಗ ಲಿಂಗ ಅದ ಸಾಹೇಬ್ರ, ಕೊಬ್ಬು ಮುಟ್ಟಂಗಿಲ್ರಿ." ಕೊನೆಗೆ ದಾನವ್ವನಿಗೆ ಫೋನು ಹೋಗಿ, ಬುಧವಾರ ಅವಳು ಹರಳೆಣ್ಣೆ ಮತ್ತು ಜೇನುಮೇಣ ಕಾಯಿಸಿ ಕೊಟ್ಟ ಮುಲಾಮು ಬಂತು. ಡಬ್ಬಿಯ ಕೊಬ್ಬು ಏನಾಯಿತೆಂದು ಯಾರೂ ಕೇಳಲಿಲ್ಲ. ಪಕ್ಕದ ಬೀದಿಯ ನಾಯಿಗಳು ಮಾತ್ರ ಆ ವಾರವೆಲ್ಲ ದೋಣಿಯನ್ನು ಬಹಳ ಗೌರವದಿಂದ ಕಾಯ್ದವು.

ಪಂಚಪ್ಪ ಹಗ್ಗವನ್ನು ಓರೆಯಾಗಿ ಕತ್ತರಿಸಿ ನಾಲ್ಕು ಉಂಗುರ ಮಾಡಿದ. ಒಂದರ ಬಾಯಿ ಮೇಲೆ ಬಂದರೆ ಇನ್ನೊಂದರ ಬಾಯಿ ಕೆಳಗೆ ಬರುವ ಹಾಗೆ ತಿರುತಿರುಗಿಸಿ ಕೂರಿಸಿದ. ಒಂದೊಂದು ಉಂಗುರಕ್ಕೂ ಒಂದು 'ಓಂ ನಮಃ ಶಿವಾಯ'. ನಟ್ಟನ್ನು ಬೆರಳಲ್ಲೇ ತಿರುಗಿಸಿ ನಿಲ್ಲಿಸಿದ. ಇನ್ನು ಪರೀಕ್ಷೆಯೊಂದೇ ಬಾಕಿ. ಕೆರೆಗೆ ಇಳಿಸಬೇಕೆಂದರೆ ಟ್ರಾಕ್ಟರು ಭಾನುವಾರವೇ ಬರುವುದು. ಅಲ್ಲಿಯತನಕ ನೀರು ಒಳಗೆ ಬರುತ್ತದೋ ಇಲ್ಲವೋ ನೋಡುವುದು ಹೇಗೆ?

ಮೂವತ್ತಾರು ವರ್ಷ ತೊಟ್ಟಿಯ ಪಕ್ಕದಲ್ಲಿ ಕಳೆದವನ ಬುದ್ಧಿ ತೊಟ್ಟಿಯ ದಾರಿಯಲ್ಲೇ ಓಡಿತು. "ಒಳಗಿಂದ ಹೊರಗ ಹೋಗದ ನೀರು ಹೊರಗಿಂದ ಒಳಗೂ ಬರಂಗಿಲ್ರಿ. ದೋಣಿ ಒಳಗ ನೀರು ತುಂಬ್ಸೂಣು."

ನಜೀರ್ ಟ್ಯಾಂಕರ್ ಕರೆಸಿದರು.

ಅದು ಏಪ್ರಿಲ್ ತಿಂಗಳು. ಕೋಗಿಲಿನ ಬೋರ್‌ವೆಲ್‌ಗಳು ಬರೀ ಗಾಳಿ ಉಗುಳುತ್ತಿದ್ದ ಕಾಲ. ಟ್ಯಾಂಕರ್ ಖಾಲಿ ಸೈಟಿಗೆ ಹಿಮ್ಮುಖವಾಗಿ ನುಗ್ಗಿ ದೋಣಿಯ ಹೊಟ್ಟೆಗೆ ಪೈಪು ಬಿಟ್ಟದ್ದನ್ನು ಎದುರುಮನೆಯ ಮಹೇಂದ್ರ ಕಂಡ. ಬಡಾವಣೆಯ ಸಂಘದ ಕಾರ್ಯದರ್ಶಿ; ಬನಿಯನ್ನಿನಲ್ಲೇ ಓಡಿ ಬಂದ.

"ಏನ್ ಸಾರ್ ಇದು! ಜನಕ್ಕೆ ಕುಡಿಯೋಕೆ ನೀರಿಲ್ಲ, ನೀವು ದೋಣಿಗೆ ನೀರು ಕುಡಿಸ್ತಾ ಇದೀರಾ?"

"ಟೆಸ್ಟಿಂಗ್ ಮಹೇಂದ್ರ, ಟೆಸ್ಟಿಂಗ್. ನೀರು ಒಳಗೆ ಬರಬಾರ್ದು, ಅದಕ್ಕೆ."

"ನೀರು ಒಳಗೆ ಬರಬಾರ್ದು ಅಂತ ನೀರನ್ನೇ ಒಳಗೆ ತುಂಬ್ತೀರಾ? ದೋಣಿ ನೀರ್ ಮೇಲೆ ಇರಬೇಕು ಗುರುವೇ! ನೀರು ದೋಣಿ ಮೇಲೆ ಇರೋದಲ್ಲ!"

ಅಷ್ಟರಲ್ಲಿ ಸುದ್ದಿ ಹಬ್ಬಿ, ಬೀದಿಯ ಹೆಂಗಸರು ಕೊಡ ಹಿಡಿದು ಸಾಲು ನಿಂತಿದ್ದರು. ಪರೀಕ್ಷೆ ಮುಗಿದ ಮೇಲೆ ನೀರು ಬೀದಿಯವರಿಗೇ ಎಂದು ನಜ್ಮುನ್ನೀಸಾ ಬಾಗಿಲಲ್ಲಿ ನಿಂತು ಸಾರಿದರು. ಮಹೇಂದ್ರ ಮನೆಗೆ ಹೋಗಿ ಅಂಗಿ ಹಾಕಿಕೊಂಡು, ಎರಡು ಬಕೆಟ್ ಹಿಡಿದು ವಾಪಸ್ ಬಂದು ಸಾಲಿನಲ್ಲಿ ಮುಂದೆ ನಿಂತ, ಕಾರ್ಯದರ್ಶಿಯಲ್ಲವೇ.

ನೀರು ಎಂಜಿನ್ನಿನ ಪಾದದ ತನಕ ಬಂದಾಗ ಪೈಪು ತೆಗೆದರು. ನಜೀರ್ ಹೊರಗಿನಿಂದ ಪಂಖವನ್ನು ಕೈಯಲ್ಲಿ ತಿರುಗಿಸಿದರು. ಪಂಚಪ್ಪ ದೋಣಿಯ ಕೆಳಗೆ ನೆಲದಲ್ಲಿ ಅಂಗಾತ ಮಲಗಿ, ದಂಡ ಹೊರಬರುವ ಜಾಗಕ್ಕೆ ಕಣ್ಣಿಟ್ಟು ಎಣಿಸಿದ. ಒಂದು. ಬಹಳ ಹೊತ್ತಿನ ಮೇಲೆ ಎರಡು. ಮೂರು. ನಿಮಿಷಕ್ಕೆ ಮೂರೇ ಮೂರು. ಹಣೆಯ ಮೇಲೆ ಬಿದ್ದ ಮೂರನೆಯ ಹನಿಯನ್ನು ಅವನು ತೀರ್ಥದಂತೆ ಕಣ್ಣಿಗೆ ಒತ್ತಿಕೊಂಡ.

"ಬೆಣ್ಣಿ ಆಗೇತ್ರಿ ಸಾಹೇಬ್ರ! ಬೆಣ್ಣಿ!"

ಕೊಡಗಳೆಲ್ಲ ತುಂಬಿ ಬೀದಿ ಬರಿದಾದ ಮೇಲೂ ನಜೀರ್ ಮಾತ್ರ ದೋಣಿಯ ಅಂಚು ಹಿಡಿದು ನಿಂತೇ ಇದ್ದರು. "ಮೂರು ಹನಿ ಬೀಳ್ತು ಪಂಚಪ್ಪಣ್ಣ."

"ಬೀಳಬೇಕ್ರಿ. ಬೀಳಲಿಲ್ಲಂದ್ರ ಸುಡ್ತೈತಿ. ನಿಮಗ ಗೊತ್ತಿಲ್ಲೇನು?"

"ನಂಗೊತ್ತು. ಅವಳಿಗೆ ಗೊತ್ತಾ? ಒಂದು ಹನಿ ಅಂದಿದಾಳೆ. ನಲವತ್ತೊಂದು ವರ್ಷದಲ್ಲಿ ಅವಳು ಒಂದು ಮಾತೂ ವಾಪಸ್ ತಗೊಂಡಿಲ್ಲ." ಸಾಹೇಬರು ದೋಣಿಯ ಹಸಿರು ಅಕ್ಷರವನ್ನು ಹೆಬ್ಬೆರಳಿನಿಂದ ಸವರಿದರು. "ಭಾನುವಾರ ಒಂದಿನ. ಒಂದು ಸುತ್ತು ಬಿಗಿ ಮಾಡಿಬಿಡಿ. ಕೆರೆ ಮಧ್ಯಕ್ಕೆ ಹೋಗಿ ಬರೋಕೆ ಎಷ್ಟು ಹೊತ್ತು? ಅವಳು ಒಂದ್ಸಲ ಕೂತು ಇಳೀಲಿ. ಸೋಮವಾರ ಸಡಿಲ ಮಾಡಿ."

ಪಂಚಪ್ಪ ಬಾಯಿಂದ ಸುಳ್ಳು ಹೇಳುವವನಲ್ಲ. ಆದರೆ ಮಾತು ಕೊಟ್ಟು ಸೋತ ಗಂಡಸಿನ ಮುಖವನ್ನು ನೋಡುವುದು ಅವನಿಂದ ಆಗಲಿಲ್ಲ. ಸ್ಪ್ಯಾನರ್ ತೆಗೆದ. ಒಂದು ಸುತ್ತು. ಅದರ ಮೇಲೆ ಅರ್ಧ. ನಟ್ಟು ಕಿರ್ರೆಂದಿತು. ತಳದಲ್ಲಿ ಉಳಿದಿದ್ದ ನೀರಿನಿಂದ ಒಂದು ಹನಿಯೂ ಹೊರಗೆ ಹೋಗಲಿಲ್ಲ.

ಸಂಜೆ ನಜ್ಮುನ್ನೀಸಾ ಬಂದು ದೋಣಿಯ ಕೆಳಗೆ ಅಂಗೈ ಸವರಿ ನೋಡಿದರು. ಒಣಗಿತ್ತು. "ಇವರ ಮಾತು ನಂಬಲ್ಲ ನಾನು. ನಿಮ್ಮ ಕೈ ನಂಬ್ತೀನಿ ಪಂಚಪ್ಪಣ್ಣ," ಎಂದರು.

ಆ ಮಾತು ಬಾಗಲಗುಂಟೆಯ ತನಕ ಎರಡೂ ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲೇ ಕೂತು ಬಂತು.

ಭಾನುವಾರ ಬೆಳಿಗ್ಗೆ ಗುಡಿಗೆ ಹೋದರೆ ಧಾರಾಪಾತ್ರೆ ನಿಂತಿತ್ತು. ತೂತಿನಲ್ಲಿ ಬಿಲ್ವದ ಎಸಳೊಂದು ಸಿಕ್ಕಿ, ಪಾತ್ರೆ ತುಂಬ ನೀರಿದ್ದರೂ ಲಿಂಗ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಜೊತೆಗೆ ಬಂದಿದ್ದ ದಾನವ್ವ ಅದನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು.

"ಏನ್ ಮಾಡಿ ಬಂದೀರಿ?"

ಪಂಚಪ್ಪ ಹೇಳಿದ.

"ತುಂಬಿದ ಕೊಡದ ಕೆಳಗ ದೇವರನ್ನ ಒಣಗ್ಸಿದಂಗಾತಲ್ಲ ಇದು. ಹೋಗಿ ಆ ತಂಗೆವ್ವಗ ಖರೇ ಹೇಳ್ರಿ," ಎಂದಳು ದಾನವ್ವ. ಅವನು ಎಸಳನ್ನು ತೆಗೆದು, ಮೊದಲ ಹನಿ ಬೀಳುವ ತನಕ ನಿಂತಿದ್ದು, ಬಸ್ಸು ಹಿಡಿದ. ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಪಕ್ಕದಲ್ಲಿದ್ದವರು ಮಂತ್ರವೆಂದು ತಿಳಿದು ಜಾಗ ಬಿಟ್ಟು ಕೂತರು.

ಆದರೆ ಮಾರಕ್ಕನ ಕೆರೆಯ ಏರಿ ಹತ್ತಿದರೆ ದೋಣಿ ಆಗಲೇ ನೀರಿನಲ್ಲಿ ತೂಗುತ್ತಿತ್ತು. ಹೊಸ ಬುರ್ಖಾ ತೊಟ್ಟ ನಜ್ಮುನ್ನೀಸಾ ನಡುವಿನ ಹಲಗೆಯ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಅಂಚು, ಇನ್ನೊಂದರಲ್ಲಿ ಜಪಮಣಿ. ಹೆದರಿಕೆಯಿಂದ ಕಣ್ಣು ಮುಚ್ಚಿದ್ದರೂ ಮುಖ ಮಾತ್ರ ಹದಿನೆಂಟರ ಮದುಮಗಳದ್ದು. ಆ ಮುಖದ ಎದುರು ಪಂಚಪ್ಪನ ಬಾಯಿಪಾಠವೆಲ್ಲ ಮರೆತುಹೋಯಿತು. ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಹತ್ತಿ ಕೂತ.

ಎಂಜಿನ್ನು ಗುಡುಗುಟ್ಟಿತು. ಏರಿ ಹಿಂದಾಯಿತು. ಹೆಬ್ಬಾಳದ ಕಡೆಯ ಎತ್ತರದ ಕಟ್ಟಡಗಳು ದೂರದಲ್ಲಿ ಬೆಂಕಿಕಡ್ಡಿಗಳಂತೆ ಕಂಡವು. ನಜ್ಮುನ್ನೀಸಾ ಒಂದು ಕಣ್ಣು ತೆರೆದರು, ಆಮೇಲೆ ಎರಡನ್ನೂ. ಕಾಲ ಕೆಳಗೆ ನೋಡಿದರು, ಒಣ ಹಲಗೆ. ಗಂಡನ ಕಡೆ ನೋಡಿ, ಅಪರೂಪಕ್ಕೆ, ನಕ್ಕರು.

ಅದೇ ಹೊತ್ತಿಗೆ ಪಂಚಪ್ಪನ ಮೂಗಿಗೆ ಹರಳೆಣ್ಣೆಯ ದೀಪ ಆರಿದಾಗ ಬರುವಂಥ ವಾಸನೆ ಬಂತು.

"ಎಂಜಿನ್ ಬಂದ್ ಮಾಡ್ರಿ!" ಎಂದು ಕೂಗಿದ. ಹಲಗೆ ಎತ್ತಿದರೆ ಗ್ಲ್ಯಾಂಡಿನಿಂದ ನೀಲಿ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು. ಬೆರಳು ಮುಟ್ಟಿಸಿ ಚುರ್ರೆಂದು ಹಿಂದೆಳೆದುಕೊಂಡ. ಎಂಜಿನ್ನು ನಿಂತಿತು. ದೋಣಿ ಕೆರೆಯ ನಟ್ಟನಡುವೆ ತೇಲತೊಡಗಿತು. ದೂರದಲ್ಲೊಂದು ಎಮ್ಮೆ ಕೂಗಿತು.

"ನೀರು ಬಂತಾ?" ಎಂದರು ನಜ್ಮುನ್ನೀಸಾ.

"ಇಲ್ಲ ತಂಗೆವ್ವ. ಬರಲಿಲ್ಲ, ಅದಕ್ಕಽ ಹೊಗಿ ಬಂತು." ಪಂಚಪ್ಪ ಹಲಗೆಯ ಮೇಲೆ ಮೊಣಕಾಲೂರಿದ. "ತಪ್ಪು ನಂದು. ನಿಮಿಷಕ್ಕ ಮೂರು ಹನಿ ಬೀಳಬೇಕಿತ್ತು. ನೀವು ನೋಡ್ತೀರಂತ ಬಿಗದು ನಿಲ್ಸಿದೆ. ಬಾಯಾಗ ಸುಳ್ಳು ಹೇಳಲಿಲ್ಲ, ಕೈಯಾಗ ಹೇಳಿದೆ."

"ನಾನೇ ಹೇಳ್ಸಿದ್ದು," ಎಂದರು ನಜೀರ್, ಟೋಪಿ ತೆಗೆದು.

ನಜ್ಮುನ್ನೀಸಾ ಇಬ್ಬರನ್ನೂ ನೋಡದೆ ಜಪಮಣಿ ಸರಿಸತೊಡಗಿದರು. ಅವರು ಬೈದಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಪಂಚಪ್ಪ ನಟ್ಟು ಸಡಿಲಿಸಿದ. ಕಾದ ಹಿತ್ತಾಳೆಯ ಮೇಲೆ ಮೊದಲ ಹನಿ ಚುಂಯ್ ಎಂದು ಆವಿಯಾಯಿತು. ಅದು ಪೂರ್ತಿ ತಣ್ಣಗಾಗುವ ತನಕ ಎಂಜಿನ್ನು ಮುಟ್ಟುವಂತಿಲ್ಲ. ಗಾಳಿ ಏಳುತ್ತಿತ್ತು.

"ಹಾಯಿ ಐತಲ್ರಿ ಸಾಹೇಬ್ರ. ಅದನ್ನ ಏರ್ಸೂಣು."

"ಫೋನಲ್ಲಿ ನೋಡಿ ಕಲಿತಿದೀನಿ," ಎಂದು ನಜೀರ್ ಎದ್ದರು. ಸುತ್ತಿಟ್ಟಿದ್ದ ಬಿಳಿ ಬಟ್ಟೆಯ ಕಟ್ಟು ಬಿಚ್ಚಿ ಹಗ್ಗ ಜಗ್ಗತೊಡಗಿದರು.

"ನಿಲ್ಲಿ, ನಿಲ್ಲಿ!" ನಜ್ಮುನ್ನೀಸಾಗೆ ಆಗ ಬಾಯಿ ಬಂತು. "ಅದನ್ನ ಒದರದೆ ಹಾಗೇ ಸುತ್ತಿ ಕೊಟ್ಟಿದೀನಿ! ನಿನ್ನೆ ತನಕ ಟೆರೇಸಿನ ಮೇಲೆ ಅದರಲ್ಲಿ—"

ಹಾಯಿ ಮೇಲೇರಿ ಪಟಾರನೆ ಗಾಳಿ ತುಂಬಿಕೊಂಡಿತು. ಅದರ ಮೇಲೆ ಒಣಗಿದ್ದ ಹತ್ತು ಕಿಲೋ ಬ್ಯಾಡಗಿ ಮೆಣಸಿನಕಾಯಿ ಮಡಿಕೆಗಳಲ್ಲಿ ಬಿಟ್ಟಿದ್ದ ಪುಡಿ, ಬೀಜ, ತೊಟ್ಟು ಕೆಂಪು ಮೋಡವಾಗಿ ಇಳಿಯಿತು.

ಮೊದಲು ಸೀನಿದ್ದು ನಜೀರ್. ಆಮೇಲೆ ಪಂಚಪ್ಪ, 'ಶಿವ' ಎನ್ನಲು ಹೋಗಿ 'ಶಿ'ಯಲ್ಲೇ ಮೂರು ಸಲ. ಆಮೇಲೆ ನಜ್ಮುನ್ನೀಸಾ ಎಂಥ ಸೀನು ಸೀನಿದರೆಂದರೆ ನೀರುಕೋಳಿಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಚುಕ್ಕಾಣಿ ಹಿಡಿದವರು ಸೀನಿದಾಗಲೆಲ್ಲ ದೋಣಿ ಒಂದು ಕಡೆಗೆ ವಾಲುತ್ತ, ಹಾವಿನ ಹಾಗೆ ಹೊರಳುತ್ತ, ಯಾರೂ ಹೇಳದ ದಿಕ್ಕಿಗೆ ಭರ್ರನೆ ಸಾಗಿತು. ಎದುರು ದಡದಲ್ಲಿ, ಕೆರೆಗೆ ಹೆಸರು ಕೊಟ್ಟ ಮಾರಕ್ಕನ ಕಲ್ಲಿನ ಬಳಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು: ಕೆಂಪು ಹಾಯಿಯ ದೋಣಿಯೊಂದು ಸೀನುತ್ತ ಬರುತ್ತಿತ್ತು.

ಕಣ್ಣು ಒರೆಸಿಕೊಳ್ಳುತ್ತಿದ್ದ ನಜ್ಮುನ್ನೀಸಾ ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ಸೀನು, ನಗು, ನಗು, ಸೀನು. ಅದು ಸ್ವಲ್ಪ ತಗ್ಗಿದ ಮೇಲೆ ಗ್ಲ್ಯಾಂಡಿನ ಕಡೆ ಬಗ್ಗಿದರು. ದೋಣಿಯ ಓಟಕ್ಕೆ ಪಂಖ ತಾನೇ ಮೆಲ್ಲಗೆ ತಿರುಗುತ್ತಿತ್ತು. ಬಿರಿಯಾನಿ ಡಬ್ಬಿಯ ಮುಚ್ಚಳವನ್ನು ಕೆಳಗೆ ಹಿಡಿದರು. ಟಪ್. ಜಪಮಣಿಯ ಒಂದು ಮಣಿ ಸರಿಯಿತು. ತುಸು ಹೊತ್ತು. ಟಪ್. ಮತ್ತೊಂದು ಮಣಿ.

"ಇಷ್ಟೇನಾ?"

"ಇಷ್ಟಽ ತಂಗೆವ್ವ."

"ಇಷ್ಟಕ್ಕೇನಾ ಇಬ್ಬರು ಮುದುಕರು ಸೇರಿ ನನಗೆ ಮೋಸ ಮಾಡಿದ್ದು?" ಅವರು ಗಂಡನ ಕಡೆ ತಿರುಗಿದರು. "ನಾನು ಒಂದು ಹನಿ ಅಂತ ಯಾಕೆ ಷರತ್ತು ಹಾಕಿದೆ ಗೊತ್ತಾ? ನಾಲ್ಕು ವರ್ಷದಿಂದ ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ. ಹೇಳಿದಾಗೆಲ್ಲ, 'ಒಂದೇ ಹನಿ ಅಲ್ವಾ, ಬಿಡು.' ಒಂದು ಹನಿ ಅಂದ್ರೆ ಏನು ಅಂತ ನಿಮಗೂ ಗೊತ್ತಾಗ್ಲಿ ಅಂತ!"

ನಜೀರ್ ಬಾಯಿ ತೆರೆದರು. ಸೀನು ಬಂತು.

"ನಾಳೆ ಗುಜರಿಗೆ ಹೋಗೋದು ದೋಣಿ ಅಲ್ಲ, ಆ ನಲ್ಲಿ," ಎಂದು ನಜ್ಮುನ್ನೀಸಾ ತೀರ್ಪು ಕೊಟ್ಟರು. "ಪಂಚಪ್ಪಣ್ಣ, ಕೈಯಲ್ಲಿ ಹೇಳಿದ ಸುಳ್ಳನ್ನ ಕೈಯಲ್ಲೇ ತೊಳ್ಕೊಳಿ. ಇವತ್ತೇ."

ಸಂಜೆ ಪಂಚಪ್ಪ ಅಡುಗೆಮನೆಯಲ್ಲಿ ನಲ್ಲಿ ಬಿಚ್ಚಿದ. ಕಾಸಗಲದ ವಾಷರ್ ಒಂದು ಸವೆದಿತ್ತು, ಅಷ್ಟೇ. ಏಳು ನಿಮಿಷದ ಕೆಲಸ. ಇಲ್ಲಿ ಮಾತ್ರ ಅವನು ಹನಿಗೆ ದಾರಿ ಬಿಡಲಿಲ್ಲ. ನಾಲ್ಕು ವರ್ಷ ಆ ಹನಿ ಹಿಡಿದ ಸ್ಟೀಲಿನ ಪಾತ್ರೆಯನ್ನು ನಜ್ಮುನ್ನೀಸಾ ತಾವೇ ಹೊತ್ತುಕೊಂಡು ಹೋಗಿ ದೋಣಿಯ ಗ್ಲ್ಯಾಂಡಿನ ಕೆಳಗೆ ಇಟ್ಟು ಬಂದರು. ಸೋಮವಾರ ಪಂಚಪ್ಪ ಸುಟ್ಟ ಹಗ್ಗ ಕಿತ್ತು ಹೊಸ ಉಂಗುರ ಕೂರಿಸಿ, ನಟ್ಟನ್ನು ಬೆರಳಲ್ಲೇ ನಿಲ್ಲಿಸಿದ.

ಎರಡು ವಾರ ಕಳೆದು ಒಂದು ಭಾನುವಾರ. ಪಂಚಪ್ಪ ಗುಡಿಯಲ್ಲಿ ಧಾರಾಪಾತ್ರೆಯ ಹನಿ ಎಣಿಸುತ್ತಿದ್ದಾಗ ಫೋನು ಕಂಪಿಸಿತು. ಆ ಕಡೆ ನಜ್ಮುನ್ನೀಸಾ.

"ಪಂಚಪ್ಪಣ್ಣ, ಕೆರೆ ಮಧ್ಯದಿಂದ ಮಾತಾಡ್ತಿದೀನಿ. ನಾಲ್ಕು ನಿಮಿಷದಿಂದ ಮಣಿ ಹಿಡಿದು ಕೂತಿದೀನಿ, ನಿಮಿಷಕ್ಕೆ ಒಂದೇ ಹನಿ ಬೀಳ್ತಿದೆ. ಇನ್ನೆರಡು ಎಲ್ಲಿ ಹೋಯ್ತು?"

ಹಿಂದಿನಿಂದ ನಜೀರರ ದನಿ ಕೇಳಿತು: "ಸ್ವಲ್ಪ ಬಿಗಿ ಮಾಡ್ದೆ ಕಣೆ! ಅರ್ಧ ಸುತ್ತು!"

"ತಂಗೆವ್ವ," ಎಂದ ಪಂಚಪ್ಪ, ಗುಡಿಯೆಂದು ದನಿ ತಗ್ಗಿಸಿ, "ಮೊದಲು ಅವರ ಕೈಯಾಗಿನ ಸ್ಪ್ಯಾನರ್ ಕಸ್ಗೋರಿ."

ಆ ಕಡೆ ಏನೋ ಕೆರೆಗೆ ಬುಳುಕ್ಕೆಂದು ಬಿದ್ದ ಸದ್ದಾಯಿತು. ಪಂಚಪ್ಪ ಫೋನು ಕಿಸೆಗಿಟ್ಟು, ಎಲ್ಲಿಗೆ ಬಿಟ್ಟಿದ್ದೆ ಎಂದು ಮರೆತು, ಮತ್ತೆ ಒಂದರಿಂದ ಎಣಿಸತೊಡಗಿದ.